ಸೀಲಿನ ಅಂಚಿನ ಗೀರು

ನೆಲದ ಮೇಲೆ ಇವತ್ತಾದರೂ ಎಣ್ಣೆಯ ಕಲೆ ಇರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಸ್ಪಿರು ಷಟರನ್ನು ಮೊಣಕಾಲೆತ್ತರಕ್ಕೆ ಮಾತ್ರ ಎತ್ತಿ, ಕಳ್ಳನ ಹಾಗೆ ಬಗ್ಗಿ, ತನ್ನದೇ ಗ್ಯಾರೇಜಿನೊಳಕ್ಕೆ ನುಸುಳಿದ. ಹೊರಗೆ ಆಗಲೇ ಬೆಳಕು ಹರಿದಿತ್ತು. ಬ್ರೆಡ್ಡಿನ ವ್ಯಾನಿನವನು ಬೀದಿಯ ಮೂಲೆಯಲ್ಲಿ ನಿಂತು ಹಾರ್ನ್ ಒತ್ತುತ್ತಿದ್ದ. ಸ್ಪಿರು ದೀಪ ಹಾಕಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ಕಾರಿನ ಹೊಟ್ಟೆಯ ಕೆಳಗೆ ಹಾಸಿದ್ದ ರಟ್ಟನ್ನು ಮೆಲ್ಲನೆ ಎಳೆದು ನೋಡಿದ. ಇತ್ತು. ಒಂದೆರಡು ಹನಿಯಲ್ಲ, ಅಂಗೈಯಗಲದ ಕಲೆ. ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಅದೇ ಹಾಳು ವಾಸನೆ. ಇಂಜಿನ್ನಿನ ಎಣ್ಣೆಯಲ್ಲ, ಗೇರ್‌ಬಾಕ್ಸಿನದೇ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವನು ರಟ್ಟನ್ನು ಮಡಿಸಿ ಹಳೆಯ ಟೈರಿನೊಳಗೆ ತುರುಕಿ, ಅದೇ ಜಾಗದಲ್ಲಿ ಹೊಸ ರಟ್ಟು ಹಾಸಿ, ನೆಲವನ್ನು ಬಟ್ಟೆಯಿಂದ ಒರೆಸಿದ. ಆಮೇಲೆ ಷಟರನ್ನು ಸದ್ದಾಗುವಂತೆ ಪೂರ್ತಿ ಮೇಲೆತ್ತಿ, ಈಗಷ್ಟೇ ಬಂದವನ ಹಾಗೆ ಒಮ್ಮೆ ಕೆಮ್ಮಿ, ಎದುರು ಮನೆಯ ಕಿಟಕಿಯಲ್ಲಿದ್ದ ಮುದುಕಿಗೆ ಕೈಯೆತ್ತಿದ. ತನ್ನ ಗ್ಯಾರೇಜಿನ ನೆಲ ಒರೆಸುವುದಕ್ಕೆ ತಾನೇ ಹೆದರುವ ಗತಿ ಬಂತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಯಾರೂ ನೋಡಲಿಲ್ಲ ಎಂಬ ಸಮಾಧಾನವೂ ಆಯಿತು.

ಕಾರು ಪಾವ್ಲಕ್ಕನದು. ಇಂಗ್ಲಿಷರು ಮಾಲ್ಟಾ ಬಿಟ್ಟು ಹೋಗುವಾಗ ಅವರ ನೌಕಾಪಡೆಯವನೊಬ್ಬನಿಂದ ಅವಳ ಗಂಡ ಕೊಂಡದ್ದು. ಗಂಡ ಕಲ್ಲುಗಣಿಯ ಯಜಮಾನನಾಗಿದ್ದವನು, ತೀರಿಕೊಂಡು ಬಹಳ ಕಾಲವಾಯಿತು. ಕಾರು ಮಾತ್ರ ಕೆನೆಬಣ್ಣ ಮಾಸದೆ ಉಳಿದಿದೆ. ಎಲ್ಲಕ್ಕಿಂತ ಮೊದಲು ಈ ಕಾರಿನ ಹಿಂಬದಿಯ ಆಯಿಲ್ ಸೀಲು, ಅಂದರೆ ಗೇರ್‌ಬಾಕ್ಸಿನಿಂದ ಶಾಫ್ಟು ಹೊರಗೆ ಬರುವಲ್ಲಿ ಎಣ್ಣೆಯನ್ನು ತಡೆಯುವ ರಬ್ಬರ್ ಬಳೆ, ಒದ್ದೆಯಾಗತೊಡಗಿದಾಗ ಅದನ್ನು ಬದಲಿಸಿದವನು ಫೋನ್ಸು. ಫೋನ್ಸು ಎಂದರೆ ಸ್ಪಿರುವಿನ ತಂಗಿ ಜೋರ್ಜಾಳ ಗಂಡ. ಮದುವೆಯಾದ ವರ್ಷದಿಂದ ಇದೇ ಗ್ಯಾರೇಜಿನಲ್ಲಿ ಭಾವನ ಪಕ್ಕದಲ್ಲಿ ನಿಂತು ಕೆಲಸ ಕಲಿತವನು, ಕಲಿತು ಮುಂದೆ ಹೋದವನು. ಹೌದು, ಮುಂದೆ ಹೋದವನೇ. ಒಪ್ಪಿಕೊಳ್ಳಲು ಇಷ್ಟು ದಿನ ಯಾಕೆ ಬೇಕಾಯಿತು? ಊರಿನವರು ಬಂದು ಕಾರಿನ ಕೀಲಿಯನ್ನು ಸ್ಪಿರುವಿನ ಕೈಗೇ ಕೊಡುತ್ತಿದ್ದರು, ಆದರೆ ಕೊಡುವಾಗ ಕಣ್ಣು ಒಳಗಿದ್ದ ಫೋನ್ಸುವನ್ನು ಹುಡುಕುತ್ತಿತ್ತು. 'ಸ್ವಲ್ಪ ಫೋನ್ಸುಗೂ ತೋರ್ಸಿಬಿಡಿ, ಬೇಜಾರ್ ಮಾಡ್ಕೋಬೇಡಿ' ಎನ್ನುತ್ತಿದ್ದರು. ಸ್ಪಿರು ನಗುತ್ತಿದ್ದ. ನಕ್ಕು ನಕ್ಕು ಒಳಗೆ ಏನೋ ಹುಳಿತು ಹೋಗಿತ್ತು. ಫೋನ್ಸು ಹಾಕಿದ ಸೀಲು ಸೋರಿತು. ಮತ್ತೊಂದು ಹಾಕಿದ, ಅದೂ ಸೋರಿತು. ಆ ಎರಡನೆಯದನ್ನು ಸ್ಪಿರು ತಾನೇ ಬಿಚ್ಚಿ ತೆಗೆದು ಬೆಳಕಿಗೆ ಹಿಡಿದಾಗ ಅದರ ಒಳ ಅಂಚಿನಲ್ಲಿ ಒಂದು ಗೀರು ಕಂಡಿತು. ಕಂಡ ಆ ಕ್ಷಣ ತನಗಾದದ್ದು ಏನು ಎಂಬುದನ್ನು ಅವನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ, ಪಾದ್ರಿಯ ಮುಂದೆ ಮಂಡಿಯೂರಿದಾಗಲೂ ಹೇಳಿಲ್ಲ. ಅವನಿಗೆ ಸಂತೋಷವಾಗಿತ್ತು.

ಆ ಭಾನುವಾರ ಪೂಜೆ ಮುಗಿದ ಮೇಲೆ ನೀಲಿ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮೂರಿನಲ್ಲಿ ಒಬ್ಬನೇ ಸಂತ, ಒಂದೇ ಚರ್ಚು, ಆದರೆ ಬ್ಯಾಂಡು ಎರಡು, ಕ್ಲಬ್ಬು ಎರಡು. ನೀಲಿಯವನು ಕೆಂಪಿನ ಹೊಸ್ತಿಲು ತುಳಿಯುವುದಿಲ್ಲ, ಕೆಂಪಿನವನು ಇತ್ತ ತಲೆ ಹಾಕುವುದಿಲ್ಲ. ಫೋನ್ಸು ಹುಟ್ಟಿದ್ದು ಕೆಂಪಿನ ಮನೆಯಲ್ಲಿ. ಜೋರ್ಜಾಳ ಕೈಹಿಡಿದ ಮೇಲೆ ತಾಯಿಯ ಶಾಪ ಹೊತ್ತುಕೊಂಡು ನೀಲಿಗೆ ಬಂದವನು. ಸ್ಪಿರು ಜೇಬಿನಿಂದ ಸೀಲು ತೆಗೆದು ಕೌಂಟರಿನ ಮೇಲಿಟ್ಟು, 'ನೋಡ್ರಪ್ಪಾ, ನಮ್ಮ ಮಾಂತ್ರಿಕನ ಕೈಚಳಕ! ಕೂರಿಸೋವಾಗ್ಲೇ ಗೀಚಿ ಇಟ್ಟವ್ನೆ. ಸೋರದೆ ಇನ್ನೇನಾಗುತ್ತೆ?' ಎಂದಿದ್ದ. ಜನ ನಕ್ಕಿದ್ದರು. ಸೀಲು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬನೂ ದೊಡ್ಡ ತಜ್ಞನ ಹಾಗೆ ಕಣ್ಣು ಕಿರಿದು ಮಾಡಿ, ಉಗುರಿನಿಂದ ಅಂಚನ್ನು ಸವರಿ, ಹೌದಲ್ಲ, ಸಿಗುತ್ತೆ, ಉಗುರಿಗೆ ಸಿಗುತ್ತೆ ಎಂದು ತಲೆಯಾಡಿಸಿದ. ಕೊನೆಗೆ ಅದು ಫೋನ್ಸುವಿನ ಕೈಗೂ ಬಂತು. ಅವನೂ ಉಗುರಿನಿಂದ ಸವರಿದ. ಬಹಳ ಹೊತ್ತು ಸವರಿದ. ಸೀಲನ್ನು ಭಾವನ ಲೋಟದ ಪಕ್ಕದಲ್ಲಿಟ್ಟು ಹೊರಗೆ ಹೋದವನು ಮಾರನೆಯ ದಿನ ಗ್ಯಾರೇಜಿಗೆ ಬರಲಿಲ್ಲ. ಈಗ ಕೆಂಪು ಕ್ಲಬ್ಬಿನಲ್ಲಿ ಕೂರುತ್ತಾನಂತೆ. ಗಣಿಯ ಗೇಟಿನಲ್ಲಿ ಕಾವಲು ಕೆಲಸ ಹಿಡಿದಿದ್ದಾನಂತೆ. ಹೋದರೆ ಹೋಗಲಿ, ರೋಷ ಇಳಿದ ಮೇಲೆ ತಾನಾಗಿ ಬರುತ್ತಾನೆ ಎಂದು ಸ್ಪಿರು ಮೂರನೆಯ ಸೀಲನ್ನು ತನ್ನ ಕೈಯಾರೆ, ಗ್ರೀಸು ಸವರಿ, ಮಗುವಿಗೆ ಟೋಪಿ ಹಾಕುವಷ್ಟು ಮೆಲ್ಲಗೆ ಕೂರಿಸಿದ. ಕೇಳಿದವರಿಗೆಲ್ಲ 'ನಿಂತುಹೋಯ್ತು, ಒಂದು ಹನಿ ಇಲ್ಲ' ಎಂದ. ಅದೂ ಸೋರುತ್ತಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಈ ರಟ್ಟಿನ ಕಳ್ಳಾಟ.

ಪಾವ್ಲಕ್ಕ ಇವತ್ತು ಕಾರು ಒಯ್ಯಲು ಬರುತ್ತಾಳೆ. ಇನ್ನು ನೆಪ ಹೇಳಿ ಮುಂದೂಡುವಂತಿಲ್ಲ. ಹಬ್ಬ ಹತ್ತಿರ ಬಂದಿದೆ, ಸಂತನ ಮೆರವಣಿಗೆಯ ದಿನ ಆ ಕಾರಿನಲ್ಲಿ ಚರ್ಚಿನ ಬಾಗಿಲಿಗೆ ಹೋಗಿ ಇಳಿಯದಿದ್ದರೆ ಅವಳಿಗೆ ಹಬ್ಬವೇ ಅಲ್ಲ. ಸ್ಪಿರು ಕಾರನ್ನು ರಿಪೇರಿಯ ಗುಂಡಿಯ ಮೇಲೆ ತಂದು ನಿಲ್ಲಿಸಿ, ಕೆಳಗಿಳಿದು ಗೇರ್‌ಬಾಕ್ಸನ್ನು ಮತ್ತೊಮ್ಮೆ ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ಹಳೆಯ ಕಾಲುಚೀಲದಲ್ಲಿ ತುಂಬಿದ ಕಲ್ಲಿನ ಹುಡಿಯನ್ನು ಅದರ ಮೈತುಂಬ ತಟ್ಟಿ ತಟ್ಟಿ ಬಿಳಿ ಮಾಡಿದ. ಇಲ್ಲಿ ಅದನ್ನು ಯಾರೂ ಕೊಳ್ಳುವುದಿಲ್ಲ. ಗಣಿಯಿಂದ ಗಾಳಿ ಬೀಸಿದರೆ ಸಾಕು, ಕಿಟಕಿಯ ದಂಡೆಯ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ಚಹಾದ ಮೇಲೆ ಕೂಡ ಬಂದು ಕೂರುತ್ತದೆ. ಎಣ್ಣೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿಂದಲೇ ಹೊರಟಿರುವುದಿಲ್ಲ, ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಬಿಳಿ ಹುಡಿ ಮೊಟ್ಟಮೊದಲು ಎಲ್ಲಿ ಕಂದಾಗುತ್ತದೋ ಅದೇ ಮೂಲ. ಇದನ್ನು ಫೋನ್ಸುವಿಗೆ ಕಲಿಸಿದವನು ಅವನೇ. ಕಾರನ್ನು ಸಮುದ್ರದ ಮೇಲಿನ ಬಂಡೆಯವರೆಗೆ ಜೋರಾಗಿ ಓಡಿಸಿ ವಾಪಸ್ಸು ತಂದ. ಗುಂಡಿಗಿಳಿದು ಟಾರ್ಚು ಹಿಡಿದರೆ, ಮತ್ತೆ ಅಲ್ಲೇ, ಸೀಲಿನ ಸುತ್ತಲೇ, ನೆನೆದ ಬ್ರೆಡ್ಡಿನ ಹಾಗೆ ಕಂದು. ಇಷ್ಟು ಸಾಲದೆ ನಿನಗೆ, ಇನ್ನೂ ಏನು ನೋಡಬೇಕಿದೆ ಎಂದು ತನ್ನನ್ನು ತಾನೇ ಬೈದುಕೊಂಡ. ಎಣ್ಣೆ ಹೆಚ್ಚಾಗಿ ತುಂಬಿಬಿಟ್ಟಿದ್ದೇನೆಯೇ? ಮಟ್ಟ ನೋಡುವ ಮಗ್ಗುಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಗೇರ್‌ಬಾಕ್ಸು ತಣ್ಣಗಾಗದೆ ಅದನ್ನು ಮುಟ್ಟಬಾರದು ಎಂದು ಅವನ ಗುರು ತಲೆಗೆ ಮೊಟಕಿ ಕಲಿಸಿದ್ದ. ಆ ಕ್ರಮವನ್ನು ಅವನು ಒಂದು ದಿನವೂ ಮೀರಿದವನಲ್ಲ. ಇವತ್ತು ತಣಿಯುವವರೆಗೆ ಕಾಯಲು ಹೊತ್ತಿರಲಿಲ್ಲ. ಬೋಲ್ಟು ಸಡಿಲವಾಗುತ್ತಿದ್ದಂತೆ ಒಳಗಿನಿಂದ ಉಸ್ಸೆಂದು ಗಾಳಿ ನುಗ್ಗಿ ಬಂತು; ಬಿಸಿ ಎಣ್ಣೆ ಮಣಿಕಟ್ಟಿನ ಮೇಲೆ ಸಿಡಿಯಿತು.

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸುಟ್ಟದ್ದು ತಿಳಿಯಿತು, ಆದರೆ ಅದಕ್ಕಿಂತ ಮೊದಲು ಬೇರೇನೋ ತಿಳಿದುಬಿಟ್ಟಿತ್ತು. ಗೇರ್‌ಬಾಕ್ಸಿನೊಳಗೆ ಗಾಳಿ ಕಟ್ಟಿಕೊಂಡು ನಿಂತಿದೆ. ಬಿಸಿಯಾದಂತೆಲ್ಲ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲ, ಎಣ್ಣೆಯನ್ನು ಒದ್ದು ಸಿಕ್ಕ ಸಂದಿಯಲ್ಲಿ ಹೊರಗೆ ಹಾಕುತ್ತದೆ. ಅದನ್ನು ಎಂಥ ಸೀಲೂ ತಡೆಯಲಾರದು, ದೇವರೇ ಬಂದು ಕೂರಿಸಿದರೂ ತಡೆಯಲಾರದು. ಬೋಲ್ಟನ್ನು ಮತ್ತೆ ಬಿಗಿದು, ಗುಂಡಿಯಿಂದ ಮೇಲೆ ಬಂದು ಕಾರಿನೊಳಗೆ ಮಂಡಿಯೂರಿ ಕಾರ್ಪೆಟ್ಟು ಎತ್ತಿ, ರಬ್ಬರ್ ಮುಚ್ಚಳ ಕಿತ್ತು, ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಕೈಯಾಡಿಸಿದ. ಅದು ಉಸಿರಾಡಲೆಂದು ಅಲ್ಲೊಂದು ಸಣ್ಣ ತೂತಿರುತ್ತದೆ. ಜಾಗ ಇತ್ತು, ತೂತಿರಲಿಲ್ಲ. ಬಿಳಿಯದೇನೋ ಮೆತ್ತಿಕೊಂಡಿತ್ತು. ಇದನ್ನು ಅವನು ಪ್ರತಿ ಸಲವೂ ನೋಡಿದ್ದ. ಎಲ್ಲಿ ನೋಡಿದರೂ ಬಿಳಿ ಇರುವ ಈ ಊರಿನಲ್ಲಿ ಬಿಳಿ ಕಂಡರೆ ಕಣ್ಣು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಬ್ಬಳದಿಂದ ಕೆರೆದ. ಹುಡಿಯಾಗಿ ಉದುರಲಿಲ್ಲ, ಕಚ್ಚಿಕೊಂಡಿತ್ತು. ಕಲ್ಲಹುಡಿಗೆ ಸುಣ್ಣ ಬೆರೆಸಿ ಕಲಸಿದ ಗಾರೆ. ಎಬ್ಬಿಸಿ ತೆಗೆದಾಗ ಕಡಲೆಕಾಳಿನಷ್ಟು ಗಟ್ಟಿ ಚೂರೊಂದು ಅಂಗೈಗೆ ಬಿತ್ತು. ಹಾಗಾದರೆ ಗೀರು? ಆ ಗೀರು ಎಲ್ಲಿಂದ ಬಂತು? ಸೀಲನ್ನು ಹೊರಗೆ ಎಬ್ಬುವಾಗ ತನ್ನ ಕೈ ಎಷ್ಟು ಒರಟಾಗಿತ್ತು, ಸ್ಕ್ರೂಡ್ರೈವರಿನ ತುದಿ ಎರಡು ಸಲ ಜಾರಿ ಕರ್ರೆಂದಿತ್ತು ಎಂಬುದು ಈಗ ಕಿವಿಯಲ್ಲೇ ಕೇಳಿಸಿದ ಹಾಗಾಯಿತು. ಅಯ್ಯೋ ಪಾಪಿ, ಎಂದ ಗಟ್ಟಿಯಾಗಿ. ಗೀಚಿದವನು ನೀನೇ, ಗೀಚಿ ಊರಿಗೆಲ್ಲ ತೋರಿಸಿದವನೂ ನೀನೇ.

"ಏನಪ್ಪಾ ಸ್ಪಿರು, ಕಾರಿನೊಳಗೇ ಪ್ರಾರ್ಥನೆ ಮಾಡ್ತಿದ್ದೀಯಾ? ನನ್ನ ಹುಡುಗಿ ರೆಡಿನಾ?" ಪಾವ್ಲಕ್ಕ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಬಿಸಿ ಪಸ್ತಿತ್ಸಿಯ ಎಣ್ಣೆ ಬಿಟ್ಟ ಪೊಟ್ಟಣ. "ತಗೋ, ನಿಂಗೆ ಅಂತ ತಂದೆ. ಒಳಗೆ ಗಿಣ್ಣಿನ ಹೂರಣ, ಆರೋದ್ರೊಳಗೆ ತಿನ್ನು."

"ರೆಡಿ ಪಾವ್ಲಕ್ಕ." ಅವನು ಎದ್ದು ಮಂಡಿ ಒರೆಸಿಕೊಂಡ. "ಒಂದು ಮಾತು ಕೇಳ್ಬೇಕಿತ್ತು. ಈ ಕಾರ್ಪೆಟ್ ಕೆಳಗೆ ರಬ್ಬರ್ ಮುಚ್ಚಳ ಇದೆಯಲ್ಲ, ಅದ್ರೊಳಗೆ ಯಾರಾದ್ರೂ ಕೈ ಹಾಕಿದ್ರಾ?"

"ಯಾರಾದ್ರೂ ಏನು, ನಾನೇ ಹಾಕ್ದೆ! ಅದೊಂದು ತೂತಿಂದ ಏನ್ ನಾತ ಅಂತೀಯ, ಚರ್ಚಲ್ಲಿ ಪಕ್ಕದೋರು ಮೂಗು ಮುಚ್ಕೊಳ್ಳೋರು. ಗಣಿಯೋನ ಹೆಂಡ್ತಿ ಕಣಯ್ಯಾ ನಾನು, ತೂತು ಕಂಡ್ಮೇಲೆ ಗಾರೆ ಮೆತ್ತದೆ ಬಿಡ್ತೀನಾ? ಚಮಚದ ತುದೀಲಿ ಹಾಕಿ ನೀಟಾಗಿ ಒತ್ತಿದೀನಿ. ಯಾಕೆ, ತಪ್ಪಾಯ್ತಾ?"

ತಪ್ಪೇನು ಬಂತು. ಗೋಡೆ ಬಿರುಕಿಗೆ, ನೀರಿನ ತೊಟ್ಟಿಗೆ, ಬಾಗಿಲ ಚೌಕಟ್ಟಿಗೆ, ಸಂತನ ಪ್ರತಿಮೆಯ ಮೂಗಿಗೆ ಕೂಡ ಇವರೆಲ್ಲ ಮೆತ್ತುವುದು ಅದನ್ನೇ. ತೂತು ಇರುವುದೇ ಉಸಿರಾಡಲಿಕ್ಕೆ ಎಂದು ಅವಳಿಗೆ ಹೇಳಿದವರಾದರೂ ಯಾರು? "ಇಲ್ಲ ಬಿಡಿ. ಮತ್ತೆ ಮುಚ್ಚಬೇಡಿ ಅಷ್ಟೇ" ಎಂದ.

"ಅಂತೂ ಕೆಟ್ಟಿದ್ದು ಫೋನ್ಸು ಕೈಯೇ ಅನ್ನು. ಪಾಪ, ಎಂಥಾ ಒಳ್ಳೆ ಮನುಷ್ಯ. ಒಂದ್ ಕಾಲದಲ್ಲಿ ಹೇಗಿದ್ದ! ನೀನು ಹಾಕಿದ್ಮೇಲೆ ನೋಡು, ಹನಿ ಇಲ್ಲ. ಹಳೇ ಕೈ ಹಳೇ ಕೈಯೇ ಕಣಪ್ಪ."

ಇಲ್ಲ ಪಾವ್ಲಕ್ಕ, ಎಂಬ ಎರಡು ಮಾತು ನಾಲಿಗೆಯ ಮೇಲೆಯೇ ಇತ್ತು. ಅವನು "ಹೂಂ" ಎಂದ.

ಕಾರು ಮೂಲೆ ತಿರುಗಿ ಕಣ್ಮರೆಯಾಗುವವರೆಗೂ ಅವನು ನಿಂತೇ ಇದ್ದ. ಇನ್ನು ಅದು ಸೋರುವುದಿಲ್ಲ. ಗಾರೆಯ ಚೂರನ್ನು ಚರಂಡಿಗೆ ಎಸೆದು ಕೈ ತೊಳೆದರೆ ಮುಗಿಯಿತು; ಫೋನ್ಸು ಕೆಡಿಸಿದ್ದನ್ನು ಸ್ಪಿರು ಸರಿಮಾಡಿದ ಎಂಬ ಮಾತು ಊರಿನಲ್ಲಿ ಹಾಗೇ ನಿಲ್ಲುತ್ತದೆ, ಅದನ್ನು ಸುಳ್ಳೆನ್ನುವವರು ಭೂಮಿಯ ಮೇಲೆ ಯಾರೂ ಇಲ್ಲ. ಅದು ಎಷ್ಟು ಸುಲಭ ಎಂದು ತಿಳಿದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪಸ್ತಿತ್ಸಿಯ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕಿಟ್ಟ. ಜೋರ್ಜಾ ಹೋದ ವಾರ ಬಂದಿದ್ದಳು, ತಾಯಿಯ ಶಿಲುಬೆ ಕೇಳುವ ನೆಪದಲ್ಲಿ. ಹೊಸ್ತಿಲು ದಾಟದೆ ನಿಂತೇ ಹೇಳಿದ್ದಳು: 'ಮನೇಲಿ ನಲ್ಲಿ ತೊಟ್ಟಿಕ್ಕಿದ್ರೂ ಈಗ ಅವ್ರು ಮುಟ್ಟಲ್ಲ ಅಣ್ಣ. ಬೇರೆಯೋರನ್ನ ಕರ್ಸು ಅಂತಾರೆ.' ಅವನು ಅದನ್ನು ಕೊಬ್ಬು ಎಂದುಕೊಂಡಿದ್ದ. ಗಂಡಸಿಗೆ ಅಷ್ಟೆಲ್ಲ ಮುನಿಸು ಇರಬಾರದು ಎಂದು ತಂಗಿಗೇ ಬುದ್ಧಿ ಹೇಳಿ ಕಳಿಸಿದ್ದ. ಅವಳು ಅಣ್ಣನ ಮುಖವನ್ನು ಒಂದು ಥರ ನೋಡಿ ಹೋಗಿದ್ದಳು. ಈಗ ಆ ನೋಟ ನೆನಪಾಗಿ, ತೆರೆದ ಷಟರನ್ನು ಹಾಗೆಯೇ ಬಿಟ್ಟು, ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅವನು ಚೌಕದ ಕಡೆಗೆ ನಡೆದ.

ಚೌಕದ ಒಂದು ಪಕ್ಕಕ್ಕೆಲ್ಲ ನೀಲಿ ಪಟ್ಟೆ, ಇನ್ನೊಂದು ಪಕ್ಕಕ್ಕೆಲ್ಲ ಕೆಂಪು ಪಟ್ಟೆ ಕಟ್ಟಿದ್ದರು. ನೀಲಿ ಕ್ಲಬ್ಬಿನ ಬಾಗಿಲಲ್ಲಿ ಬೆಂಚು ಹಾಕಿಕೊಂಡು ಕೂತಿದ್ದ ವಿಟೋರ್, "ಏನ್ ಗುರುವೇ, ಪಾವ್ಲಕ್ಕನ ಸವಾರಿ ಹೊರಟಿತ್ತಲ್ಲ, ಕೊನೆಗೂ ಗೆದ್ದೆ ಅನ್ನು! ಬಾ, ಚಹಾ ನನ್ನ ಕಡೆಯಿಂದ" ಎಂದು ಕೂಗಿದ. ಸ್ಪಿರು ಅತ್ತ ತಿರುಗಿದ. ಇಲ್ಲಿಯೇ ಹೇಳಿಬಿಡಲೇ? ಆ ಮಾತು ಆಡಿದ್ದು ಇಲ್ಲಿಯೇ ಅಲ್ಲವೇ? ಆದರೆ ಇಲ್ಲಿ ಹೇಳಿದರೆ ಕೇಳಬೇಕಾದವನೇ ಇರುವುದಿಲ್ಲ, ಜನ ನಕ್ಕು ಬೆನ್ನು ತಟ್ಟುತ್ತಾರೆ, ದೊಡ್ಡ ಮನಸ್ಸು ಎನ್ನುತ್ತಾರೆ. "ಆಮೇಲೆ ಬರ್ತೀನಿ ಕಣೋ" ಎಂದು ಅವನು ಚೌಕವನ್ನು ಅಡ್ಡ ದಾಟತೊಡಗಿದ. ವಿಟೋರ್ ಎದ್ದು ನಿಂತ. ಸ್ಪಿರುವಿನ ಅಪ್ಪ, ಅಜ್ಜ ಯಾರೂ ಕೆಂಪು ಕ್ಲಬ್ಬಿನ ಬಾಗಿಲಿನೊಳಗೆ ಹೋದವರಲ್ಲ; ಅಜ್ಜನಂತೂ ಅದರ ನೆರಳು ಬಿದ್ದ ಕಡೆ ನಡೆಯದೆ ಬಿಸಿಲಿನಲ್ಲೇ ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಸ್ಪಿರು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ.

"ಯಪ್ಪಾ! ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ?" ಕೌಂಟರಿನ ಹಿಂದಿದ್ದ ಲಾಜ್ಲು ಕೈಯಲ್ಲಿದ್ದ ಲೋಟವನ್ನು ಒರೆಸುವುದನ್ನು ನಿಲ್ಲಿಸಿದ. "ಸ್ಪಿರು, ದಾರಿ ತಪ್ತಾ, ಇಲ್ಲ ಕಣ್ಣೇ ಹೋಯ್ತಾ? ನಿಮ್ಮ ಕೊಟ್ಟಿಗೆ ಆ ಕಡೆ ಇರೋದು."

ನಗು ಎದ್ದಿತು. ಕಿಟಕಿಯ ಬಳಿ ಇಸ್ಪೀಟು ಆಡುತ್ತಿದ್ದವರ ಹಿಂದೆ, ಆಡದೆ ಸುಮ್ಮನೆ ನೋಡುತ್ತ ಕೂತಿದ್ದ ಫೋನ್ಸು ದಡಕ್ಕನೆ ಎದ್ದ. ಕಾವಲುಗಾರನ ಬೂದುಬಣ್ಣದ ಅಂಗಿ ಹಾಕಿದ್ದ. ಕೈಗಳು ಎಷ್ಟು ಸ್ವಚ್ಛವಾಗಿದ್ದವೆಂದರೆ ಯಾರದೋ ಕೈ ಎನ್ನಿಸಿತು. "ಬನ್ನಿ ಭಾವ, ಬನ್ನಿ, ಕೂತ್ಕೊಳ್ಳಿ" ಎಂದು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ. ಆ ಮರ್ಯಾದೆ ಸ್ಪಿರುವಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅವನು ಕೂರಲಿಲ್ಲ.

"ಎಲ್ರೂ ಕೇಳ್ಲಿ ಅಂತ್ಲೇ ಹೇಳ್ತೀನಿ" ಎಂದ. ಧ್ವನಿ ಬೇಕಾದ್ದಕ್ಕಿಂತ ಜೋರಾಯಿತು. "ಫೋನ್ಸು ಹಾಕಿದ್ ಸೀಲಲ್ಲಿ ಏನೂ ತಪ್ಪಿರ್ಲಿಲ್ಲ. ಗೇರ್‌ಬಾಕ್ಸ್ ಉಸಿರಾಡೋ ತೂತಿಗೆ ಗಾರೆ ಮೆತ್ತಿತ್ತು. ಒಳಗಿನ ಗಾಳಿ ಎಣ್ಣೇನ ಹೊರಗೆ ತಳ್ತಿತ್ತು. ಗೀರು ನಾನು ಮಾಡಿದ್ದು, ಸೀಲನ್ನ ಕೀಳೋವಾಗ. ನಾನು ಅವತ್ತು ಅಂದಿದ್ದೆಲ್ಲ ಸುಳ್ಳು. ಇಗೋ, ಇದೇ ಅದು." ಗಾರೆಯ ಚೂರನ್ನು ಮೇಜಿನ ಮೇಲಿಟ್ಟ.

ಲಾಜ್ಲು ಕೌಂಟರು ಬಡಿದು, "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ! ಕೇಳ್ಸಿಕೊಂಡ್ರೇನ್ರೋ, ನೀಲಿಯೋರ ಗುರು ಬಾಯಲ್ಲೇ ಬಂತು!" ಎಂದ. ಎಲ್ಲರೂ ಹೋ ಎಂದರು. ಯಾರೋ ಶಿಳ್ಳೆ ಹಾಕಿದರು. ಸ್ಪಿರುವಿಗೆ ಅದು ತಾಗಲಿಲ್ಲ. ಇಷ್ಟೇ ತಾನೇ, ಇದಕ್ಕೇ ತಾನೇ ಇಷ್ಟು ಹೆದರಿದ್ದು ಎಂದು ಎದೆ ಹಗುರಾಗುತ್ತ ಬಂತು. ಅವನು ಫೋನ್ಸುವಿನ ಮುಖ ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಗೆಲುವಿರಲಿಲ್ಲ. ಮರುಕವಿತ್ತು.

"ಜೋರ್ಜಾ ಕಳಿಸಿದ್ಲಾ ಭಾವ?" ಫೋನ್ಸು ಮೆಲ್ಲಗೆ ಕೇಳಿದ.

"ಯಾವ ಜೋರ್ಜಾ? ಯಾರೂ ಕಳಿಸಿಲ್ಲ. ನೋಡೋ ಇದನ್ನ, ಕೈಯಲ್ಲಿ ಹಿಡಿದು ನೋಡು."

ಫೋನ್ಸು ಚೂರನ್ನು ಎತ್ತಿಕೊಂಡು ಎರಡು ಬೆರಳ ನಡುವೆ ಹೊರಳಿಸಿದ. "ಗಾರೆ" ಎಂದ. ಇಲ್ಲಿ ಯಾವ ಗೋಡೆಯನ್ನು ಕೆರೆದರೂ ಸಿಗುವಂಥದ್ದು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಮೇಜಿನ ಅಂಚಿನಲ್ಲಿ ಜೋಪಾನವಾಗಿ ಇಟ್ಟ. "ಬಿಡಿ ಭಾವ. ಗೀರು ನನ್ನ ಉಗುರಿಗೇ ಸಿಕ್ಕಿತ್ತಲ್ಲ."

"ಅದು ನನ್ನ ಸ್ಕ್ರೂಡ್ರೈವರ್ ಗೀರು ಕಣೋ! ನಾನು ಹಾಕಿದ್ದೂ ಸೋರ್ತು ಫೋನ್ಸು, ದೇವರಾಣೆ. ಇವತ್ತು ಬೆಳಿಗ್ಗೆವರೆಗೂ ಸೋರ್ತಿತ್ತು."

"ನಿಂತುಹೋಯ್ತು ಅಂತ ಊರೆಲ್ಲ ಹೇಳ್ತಿದ್ರಿ."

"ಸುಳ್ಳು ಹೇಳ್ತಿದ್ದೆ. ದಿನಾ ಒರೆಸಿ ಇಡ್ತಿದ್ದೆ."

ಫೋನ್ಸು ನಕ್ಕ. ಎಂಥ ನಗೆ ಅದು. ಮಗು ಹಠ ಮಾಡಿ ಏನೋ ಕಟ್ಟುಕಥೆ ಹೇಳಿದಾಗ ಹಿರಿಯರು ನಗುವ ನಗೆ. ಭಾವನ ಮೊಣಕೈ ಹಿಡಿದು ಇಸ್ಪೀಟಿನವರಿಂದ ಈಚೆಗೆ, ಬಾಗಿಲ ಪಕ್ಕಕ್ಕೆ ಕರೆದುಕೊಂಡು ಬಂದ. "ನೀವು ಇವ್ರ ಮುಂದೆ ಬಂದು, ನಂಗೋಸ್ಕರ, ಹೀಗೆ ತಲೆ ತಗ್ಗಿಸ್ತಿದ್ದೀರಲ್ಲ, ಯಾರ್ ಮಾಡ್ತಾರೆ ಭಾವ ಇದನ್ನ? ಸಾಯೋವರೆಗೂ ಮರೆಯಲ್ಲ. ಆದ್ರೆ ಸುಳ್ಳು ಹೇಳ್ಬೇಡಿ. ನಿಮ್ಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ? ನನ್ನ ಕೈ ಕೆಟ್ಟಿದ್ದು ನಂಗೇ ಗೊತ್ತಾಗಿರ್ಲಿಲ್ಲ. ನೀವು ಮೊದ್ಲೇ ಕಂಡ್ರಿ." ಅವನು ಸ್ವಚ್ಛವಾದ ಬಲಗೈಯನ್ನು ಬೆಳಕಿಗೆ ಚಾಚಿ ತೋರಿಸಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಗ್ಯಾರೇಜಿನಲ್ಲಿದ್ದಾಗ ಅವು ನಡುಗುತ್ತಿರಲಿಲ್ಲ. ಸ್ಪಿರು ದಿನವಿಡೀ ಅವನ್ನು ಹೊಟ್ಟೆಕಿಚ್ಚಿನಿಂದ ನೋಡಿಕೊಂಡೇ ಇದ್ದವನು, ಅವನಿಗೆ ಗೊತ್ತು. ಹೇಳಲು ಬಾಯಿ ತೆರೆದ. ಏನು ಹೇಳಿದರೂ ಅದನ್ನು ಹೇಳುವುದು ಊರಿಗೆಲ್ಲ ಸುಳ್ಳಾಡಿದ ಈ ಬಾಯಿಯೇ ಎಂದು ಹೊಳೆದು ಮಾತು ನಿಂತಿತು.

"ಅವತ್ತು ನೀವು ಹೇಳದೇ ಹೋಗಿದ್ರೆ ಏನ್ ಗತಿ ಭಾವ?" ಫೋನ್ಸುವಿನ ದನಿ ಇನ್ನೂ ತಗ್ಗಿತು. "ಈ ಕೈಯಲ್ಲೇ ಯಾರದೋ ಬ್ರೇಕ್ ಕಟ್ತಿದ್ದೆ. ಯಾರದೋ ಮಕ್ಳು ಹೋಗಿಬಿಡೋವು. ದಿನಾ ಅದನ್ನೇ ಯೋಚ್ನೆ ಮಾಡ್ತೀನಿ. ನೀವು ನನ್ನ ಉಳಿಸಿದ್ರಿ." ಅವನು ತಿರುಗಿ ಕೌಂಟರಿನ ಕಡೆ ಕೂಗಿದ: "ಲಾಜ್ಲು, ನಮ್ಮ ಭಾವಂಗೆ ಒಂದು ಚಹಾ ಕೊಡಪ್ಪ, ಹಾಲು ಜಾಸ್ತಿ ಹಾಕು, ಅವ್ರಿಗೆ ಹಾಗೇ ಇಷ್ಟ."

ಲಾಜ್ಲು ಈಗ ನಗಲಿಲ್ಲ. ಚಹಾ ಗಾಜಿನ ಲೋಟದಲ್ಲಿ ಬಂತು. ಕೆಂಪು ಕ್ಲಬ್ಬಿನ ಬಾಗಿಲಲ್ಲಿ, ಚೌಕದ ಆಚೆಯಿಂದ ವಿಟೋರ್ ನೋಡುತ್ತಿರುವಾಗ, ಸ್ಪಿರು ಅದನ್ನು ತೆಗೆದುಕೊಂಡ. ಫೋನ್ಸು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದ.